ಡೇರಿಯವರೋ, ಕಂಡಕ್ಟರೋ?

ನಾನು ಕೆ.ಆರ್. ನಗರದಲ್ಲಿ ಗೊಬ್ಬರ, ಬಿತ್ತನೆ ಬೀಜದ ಅಂಗಡಿ ಇಟ್ಟಿದ್ದೇನೆ. ಗಿರಾಕಿಗಳು ಯೂರಿಯಾ ಮೂಟೆಯನ್ನು ಬೈಕಿನ ಹಿಂದೆ ಕಟ್ಟುತ್ತಾರೆ, ಗಾಡಿ ಸ್ಟಾರ್ಟ್ ಮಾಡುತ್ತಾರೆ, ಇನ್ನೇನು ಹೊರಟರು ಅನ್ನುವಾಗ ಒಂದು ಕಾಲು ನೆಲಕ್ಕೂರಿ ಕೇಳುತ್ತಾರೆ: "ಅದ್ಸರಿ ಅಣ್ಣ, ಆ ಸಲ ನೀವು ಕಂಡಕ್ಟರನ್ನ ಯಾಕೆ ತಗೊಳ್ನಿಲ್ಲ?" ವಾರಕ್ಕೊಬ್ಬರಾದರೂ ಕೇಳುತ್ತಾರೆ. ಬೆಳೆಗೆ ಹುಳ ಬಿದ್ದಿದ್ದರೂ ಮೊದಲು ಕೇಳುವುದು ಇದನ್ನೇ.

ವಿಷಯ ಇಷ್ಟು. ನಮ್ಮೂರಿನಲ್ಲಿ ಒಂದು ಬ್ಯಾಸ್ಕೆಟ್‌ಬಾಲ್ ತಂಡ ಇದೆ. ನಾನು ಅದರ ಮ್ಯಾನೇಜರು. ಮ್ಯಾನೇಜರು ಅಂದರೆ ಚೆಂಡಿಗೆ ಗಾಳಿ ತುಂಬಿಸುವುದು, ಬಾಳೆಹಣ್ಣು ತರುವುದು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ನಮ್ಮದು, ಹೀಗೆ ನಾಲ್ಕು ತಾಲ್ಲೂಕಿನ ತಂಡಗಳು ವರ್ಷಕ್ಕೊಮ್ಮೆ ಒಂದು ಕಪ್ಪಿಗಾಗಿ ಆಡುತ್ತವೆ. ನಾವು ಅದನ್ನು ಒಮ್ಮೆಯೂ ಗೆದ್ದಿರಲಿಲ್ಲ. ತಂಡ ಕಟ್ಟಿದವರು ನಮ್ಮ ಡ್ರಿಲ್ ಮೇಷ್ಟ್ರು. ನೌಕರಿಯಿಂದ ನಿವೃತ್ತಿಯಾದರೂ ಮೈದಾನ ಬಿಟ್ಟಿರಲಿಲ್ಲ. ಅವರಿಗೆ ಕಣ್ಣು ಮಂಜಾಗುತ್ತ ಬಂದು, "ಇದೇ ಕೊನೇ ಸಲ ಕಣಪ್ಪ, ಆಮೇಲೆ ನೀವೇ ನೋಡ್ಕಳಿ" ಅಂದುಬಿಟ್ಟಿದ್ದರು.

ಅದೇ ಸಲ ಪಂದ್ಯ ನಡೆಸುವವರು ಹೊಸ ನಿಯಮ ತಂದರು. ಪ್ರತಿ ತಂಡವೂ ನಲವತ್ತು ದಾಟಿದ ಒಬ್ಬ ಹಳೆಯ ಆಟಗಾರನನ್ನು ಬೇರೆ ತಾಲ್ಲೂಕಿನಿಂದ ಕರೆತರಬಹುದು. ತಾಲ್ಲೂಕುಗಳ ನಡುವೆ ಪ್ರೀತಿ ಬೆಳೆಯಲಿ ಅಂತ ಮಾಡಿದ್ದಂತೆ. ನಮಗೆ ಕೊರತೆ ಇದ್ದದ್ದು ವಿಂಗ್ ಆಟಗಾರನದ್ದು. ಅಂದರೆ ಅಂಕಣದ ಪಕ್ಕಗಳಲ್ಲಿ ಓಡಾಡುತ್ತ ಎದುರಾಳಿಯನ್ನು ತಡೆಯುವವನು, ಸಂದು ಸಿಕ್ಕಿದರೆ ದೂರದಿಂದಲೇ ಬುಟ್ಟಿಗೆ ಹಾಕುವವನು. ಎರಡು ಹೆಸರು ಬಂದವು. ಒಬ್ಬರು ಎಚ್.ಡಿ. ಕೋಟೆ ತಾಲ್ಲೂಕಿನ ಹಂಪಾಪುರದ ಕಡೆಯ ಹಾಲಿನ ಡೇರಿ ಕಾರ್ಯದರ್ಶಿ, ದೂರದಿಂದ ಹಾಕುವುದರಲ್ಲಿ ಗಟ್ಟಿಗರು. ಇನ್ನೊಬ್ಬರು ಪಿರಿಯಾಪಟ್ಟಣದ ಬಸ್ ಕಂಡಕ್ಟರು, ತಡೆಯುವುದರಲ್ಲಿ ಗಟ್ಟಿಗರು. ಇಬ್ಬರೂ ಹುಡುಗರಾಗಿದ್ದಾಗ ಒಂದೇ ತಂಡದಲ್ಲಿ ಆಡಿದವರು, ಜೀವದ ಗೆಳೆಯರು. ಅವರ ನಡುವೆ ಏನೂ ಜಗಳ ಇರಲಿಲ್ಲ. ಜಗಳವೆಲ್ಲ ನಮ್ಮೂರಿನದು.

೧. ಕ್ಷೌರದಂಗಡಿಯ ಡಿಫೆನ್ಸು

ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕೂತಿದ್ದೆ. ಅಂಗಡಿಯವನು ಕಂಡಕ್ಟರ್ ಪಕ್ಷ. ಬೆಂಚಿನ ಮೇಲೆ ಕಾಯುತ್ತಿದ್ದ ಕಬ್ಬಿನ ಗೌಡರು ಡೇರಿ ಪಕ್ಷ.

"ತಡಿಯೋದೇನು ದೊಡ್ಡ ವಿಷ್ಯ? ಕೈ ಅಗಲ ಮಾಡ್ಕಂಡು ನಿಂತ್ಕಂಡ್ರೆ ಆಯ್ತು. ಬೆದರುಬೊಂಬೆನೂ ನಿಂತ್ಕತದೆ" ಅಂದರು ಗೌಡರು.

ಅಂಗಡಿಯವನಿಗೆ ರೋಷ ಬಂತು. ನನ್ನ ಎಡಗೆನ್ನೆ ಮುಗಿದಿತ್ತು, ಬಲಗೆನ್ನೆ ಬಾಕಿ. ಅಷ್ಟಕ್ಕೇ ಬಿಟ್ಟು, ಬಾಗಿಲಿಗೆ ಅಡ್ಡ ನಿಂತು, ಮಂಡಿ ಬಗ್ಗಿಸಿ, ಎರಡೂ ಕೈ ಚಾಚಿದ. "ಬನ್ನಿ ಗೌಡ್ರೇ, ಅಂಗಾದ್ರೆ ದಾಟ್ಕಂಡು ಓಗಿ ನೋಡಣ!"

ಗೌಡರು ಎದ್ದರು. ಎಡಕ್ಕೆ ಹೋದರೆ ಇವನೂ ಎಡಕ್ಕೆ. ಬಲಕ್ಕೆ ಹೋದರೆ ಇವನೂ ಬಲಕ್ಕೆ. ಹೊರಗೆ ಗೌಡರ ಟ್ರ್ಯಾಕ್ಟರಿನವನು ಒಂದೇ ಸಮ ಹಾರನ್ ಮಾಡುತ್ತಿದ್ದ. ಕಡೆಗೆ ಗೌಡರು ಸೋತು ಕೂತರು. "ಬುಡಪ್ಪ, ಒಪ್ಕಂಡೆ. ಕಂಡಕ್ಟರೇ ಇರ್ಲಿ."

ಅಂಗಡಿಯವನು ಗೆದ್ದ ಮುಖದಲ್ಲಿ ನನ್ನ ಕಡೆ ತಿರುಗಿದ. "ನೋಡುದ್ರಾ ಮ್ಯಾನೇಜರೇ, ಡಿಫೆನ್ಸು ಅಂದ್ರೆ ಇದು."

ನಾನು ಹೂಂ ಅಂದೆ. ಅಷ್ಟು ಹೊತ್ತೂ ಅವನ ಬಲಗೈಯಲ್ಲಿ ಕತ್ತಿ ತೆರೆದೇ ಇತ್ತು ಅನ್ನುವುದನ್ನು ಅವನೂ ಗಮನಿಸಿರಲಿಲ್ಲ, ನಾನೂ ನೆನಪಿಸಲಿಲ್ಲ. ನನ್ನ ಬಲಗೆನ್ನೆ ಇನ್ನೂ ಬಾಕಿ ಇತ್ತಲ್ಲ.

೨. ಅವ್ವನ ಒಂದು ಪ್ರಶ್ನೆ

ಮೇಷ್ಟ್ರು ನಮ್ಮ ಮನೆಗೆ ಕಾಫಿಗೆ ಬಂದಿದ್ದರು. ನಾನೂ ಅವರೂ ಇದೇ ಮಾತಾಡುತ್ತಿದ್ದೆವು. ಅವರೆಕಾಯಿ ಸುಲಿಯುತ್ತ ಕೂತಿದ್ದ ನಮ್ಮವ್ವ ನಡುವೆ ಬಾಯಿ ಹಾಕಿದಳು. "ಅದ್ರಲ್ಲಿ ಯೋಚ್ನೆ ಮಾಡಕ್ಕೇನೈತೆ? ಕಂಡಕ್ಟರಪ್ಪನ್ನೇ ಕರ್ಕಬನ್ನಿ."

"ನಿಂಗೆ ಆಟ ಏನ್ ಗೊತ್ತವ್ವ?" ಅಂದೆ.

"ಆಟ ಗೊತ್ತಿಲ್ಲ, ಬಸ್ಸು ಗೊತ್ತು. ಚುಂಚನಕಟ್ಟೆಗೆ ಓಗೋವಾಗ ನೋಡಿವ್ನಿ. ಕಾಲಿಡಕ್ಕೂ ಜಾಗ ಇಲ್ದಿದ್ರೂ ಒಬ್ರು ಕಾಲೂ ತುಳೀದಂಗೆ ಈ ತುದಿಯಿಂದ ಆ ತುದಿಗೆ ಓಗಿ ಬತ್ತನೆ. ನಿಮ್ಮುಡುಗ್ರು ಅಷ್ಟಗಲ ಬಯ್ಲಲ್ಲಿ ಹತ್ತೇ ಜನ ಇದ್ರೂ ಒಬ್ರಿಗೊಬ್ರು ಗುದ್ಕಂಡು ಬೀಳ್ತವೆ."

ಮೇಷ್ಟ್ರು ಲೋಟ ಕೆಳಗಿಟ್ಟರು. "ಅಮ್ಮ ಹೇಳೋದರಲ್ಲಿ ಅರ್ಥ ಇದೆ ಕಣಯ್ಯ" ಅಂದವರು, ಡೇರಿಯವರ ಪರವಾಗಿಯೂ ಒಂದು ಮಾತು ಹೇಳೋಣ ಅಂತ, "ಆದ್ರೆ ಅಮ್ಮ, ಡೇರಿಯೋರು ಎಷ್ಟು ದೂರದಿಂದ ಬುಟ್ಟಿಗೆ ಹಾಕ್ತಾರೆ ಗೊತ್ತಾ? ನಿಮ್ಮ ಜಗುಲಿಯಿಂದ ಎದುರುಮನೆ ಗೇಟಿನಷ್ಟು ದೂರ!" ಅಂದರು.

ಅವ್ವ ಸುಲಿಯುವುದನ್ನು ನಿಲ್ಲಿಸಿ ಅವರನ್ನೇ ನೋಡಿದಳು. "ಯಾಕೆ ಮೇಷ್ಟ್ರೇ, ಅತ್ರ ಓಗಿ ಆಕಕ್ಕೆ ಅವ್ರಿಗೇನು ಕಾಯ್ಲೆ?"

ಜೀವಮಾನವಿಡೀ ಬ್ಯಾಸ್ಕೆಟ್‌ಬಾಲ್ ಕಲಿಸಿದ ಮೇಷ್ಟ್ರು ಆ ದಿನ ಅರ್ಧ ಲೋಟ ಕಾಫಿ ಬಿಟ್ಟು ಎದ್ದು ಹೋದರು.

೩. ಹಂಪಾಪುರಕ್ಕೆ ಹೋಗಿದ್ದು

ಆದರೂ ಒಮ್ಮೆ ನೋಡಿಬರೋಣ ಅಂತ ನಾನೂ ಮೇಷ್ಟ್ರೂ ಬೈಕ್ ಹತ್ತಿ ಹಂಪಾಪುರದ ಕಡೆ ಹೋದೆವು. ಡೇರಿಯವರು ಬೆಳಗಿನ ಹಾಲು ಮುಗಿಸಿ ಕ್ಯಾನು ತೊಳೆಸುತ್ತಿದ್ದರು. ಎತ್ತರದ ಆಳು, ಮೆದು ಮಾತು. ಉಪಚಾರಕ್ಕೆ ಎರಡು ದೊಡ್ಡ ಲೋಟ ಹಾಲು ಕೊಟ್ಟರು. ಬೇಡ ಅನ್ನುವ ಹಾಗಿಲ್ಲ.

"ಮಂಡಿ ನೋವು ಅಂತ ಕೇಳ್ದೆ. ಈಗ ಹೆಂಗಿದೆ?" ಅಂದರು ಮೇಷ್ಟ್ರು.

"ಮಂಡಿ ಚೆನ್ನಾಗದೆ ಸಾರ್. ಬಗ್ಗಿಸಿದ್ರೆ ಮಾತ್ರ ನೋವು."

ಡೇರಿ ಹಿಂದೆ ಅವರೇ ನೆಟ್ಟ ಒಂದು ಕಂಬ, ಕಂಬಕ್ಕೊಂದು ಕಬ್ಬಿಣದ ಬಳೆ. ಅಲ್ಲಿ ನಿಂತು ಎಸೆಯಲು ಶುರು ಮಾಡಿದರು. ಏನು ಹೇಳಲಿ! ಚೆಂಡು ಬಳೆಗೆ ತಾಗುವ ಸದ್ದೂ ಇಲ್ಲದೆ ಒಳಗೆ ಇಳಿಯುತ್ತಿತ್ತು. ಎಸೆದದ್ದೆಲ್ಲ ಒಳಗೆ. ತೊಂದರೆ ಏನಪ್ಪಾ ಅಂದರೆ, ಕಂಬದ ಹಿಂದೆ ಇಳಿಜಾರು. ಬಿದ್ದ ಚೆಂಡು ಉರುಳಿಕೊಂಡು ಕೆಳಗಿನ ಹತ್ತಿ ಹೊಲಕ್ಕೇ ಹೋಗುತ್ತಿತ್ತು. ಅವರಿಗೆ ಮಂಡಿ ನೋವು. ಹಾಗಾಗಿ ಒಂದು ಚೆಂಡಿಗೆ ನಾನು ಓಡಿದರೆ ಇನ್ನೊಂದಕ್ಕೆ ಮೇಷ್ಟ್ರು. ಹೊಟ್ಟೆಯಲ್ಲಿ ಹಾಲು ಬೇರೆ ಕುಲುಕುತ್ತಿತ್ತು.

ಕಡೆಗೆ ಮೇಷ್ಟ್ರು ಹೊಲದ ಬದುವಿನ ಮೇಲೆ ಕೂತು ಏದುಸಿರು ಬಿಡುತ್ತ ನನ್ನ ಭುಜ ಹಿಡಿದರು. ನಾನು ಗಾಬರಿಯಾದೆ. ಅವರು ಮೆಲ್ಲಗೆ ಹೇಳಿದರು: "ಇವ್ರನ್ನೇ ತಗೊಳ್ಳೋಣ ಕಣಯ್ಯ. ಚೆಂಡು ಬುಟ್ಟಿಗೆ ಬೀಳೋದನ್ನ ಕಣ್ತುಂಬ ನೋಡಿ ಎಷ್ಟು ಕಾಲ ಆಯ್ತು."

ನನಗೂ ಮನಸ್ಸು ಕರಗಿತು. ಆಗಲಿ ಸಾರ್ ಅಂದೆ. ಡೇರಿಯವರು ಮೇಲಿನಿಂದ ಕೂಗಿದರು: "ಸುಸ್ತಾಯ್ತಾ? ನಂಗೇನೂ ಆಗ್ನಿಲ್ಲವಲ್ಲ!"

೪. ಕೈ ಅಡ್ಡ ಹಾಕದವರು

ನಾವು ಡೇರಿಯವರನ್ನು ಒಪ್ಪಿಸಿಕೊಂಡು ಊರಿಗೆ ಬರುವಷ್ಟರಲ್ಲಿ ಹುಣಸೂರಿನವರು ಕಂಡಕ್ಟರನ್ನು ತೆಗೆದುಕೊಂಡಿದ್ದರು. ಊರಲ್ಲಿ ಹಾಹಾಕಾರ. ಅವ್ವ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು.

ನಾನು ಹುಣಸೂರಿಗೆ ಹೋಗಲು ಬಸ್ ಹತ್ತಿದರೆ ಅದೇ ಕಂಡಕ್ಟರು. ನನ್ನನ್ನು ಕಂಡದ್ದೇ ನಗುತ್ತ ಪಕ್ಕದ ಸೀಟಿಗೆ ಬಂದು ಕೂತರು. ನನಗೆ ಮುಜುಗರ. "ಏನ್ ಅನ್ಕೋಬ್ಯಾಡಿ. ನಮ್ಮೂರಲ್ಲಿ ಅರ್ಧ ಜನ ನೀವೇ ಬೇಕು ಅಂತಿದ್ರು. ಇನ್ನರ್ಧ ಜನ ಡೇರಿಯೋರು ಅಂತಿದ್ರು. ತೀರ್ಮಾನ ಆಗೋದ್ರಲ್ಲಿ ತಡ ಆಯ್ತು" ಅಂದೆ.

"ಬೇಜಾರಿಲ್ಲ ಬುಡಿ ಸಾರ್" ಅಂದರು ಅವರು. "ನಮ್ ಕೆಲ್ಸದಲ್ಲಿ ದಿನಾ ನೋಡ್ತೀವಿ. ಹುಣಸೂರೋರು ಕೈ ಅಡ್ಡ ಹಾಕುದ್ರು, ಗಾಡಿ ನಿಂತ್ಕತು. ನೀವು ಸ್ಟಾಪಲ್ಲೇ ಇದ್ರಿ, ಆದ್ರೆ ಯಾವ ಬಸ್ ಹತ್ತೋದು ಅಂತ ಬೆನ್ ತಿರುಗಿಸ್ಕಂಡು ಜಗಳ ಆಡ್ತಿದ್ರಿ."

೫. ಫ್ಯಾಟು

ಸೆಮಿಫೈನಲ್ಲು ಪಿರಿಯಾಪಟ್ಟಣದ ಮೇಲೆ. ಡೇರಿಯವರು ಆಟಕ್ಕೇನೋ ಬಂದರು, ಮನಸ್ಸು ಮಾತ್ರ ಡೇರಿಯಲ್ಲೇ. ಸಂಜೆಯ ಹಾಲು ಅಳೆಯಲು ಹೊಸಬನನ್ನು ಬಿಟ್ಟು ಬಂದಿದ್ದರು. ವಿರಾಮ ಸಿಕ್ಕಾಗಲೆಲ್ಲ ಫೋನು.

ನಾವು ಹಿಂದೆ ಬಿದ್ದಿದ್ದೆವು. ಮೇಷ್ಟ್ರು ಟೈಮ್ ಔಟ್ ತಗೊಂಡು ಹುಡುಗರನ್ನು ಸುತ್ತ ನಿಲ್ಲಿಸಿಕೊಂಡರು. ಇನ್ನೇನು ಮಾತು ಶುರು ಮಾಡಬೇಕು. ಅಷ್ಟರಲ್ಲಿ ಹಿಂದಿನಿಂದ ಡೇರಿಯವರ ದನಿ ಕಟ್ಟುನಿಟ್ಟಾಗಿ ಕೇಳಿಸಿತು: "ಫ್ಯಾಟ್ ಜಾಸ್ತಿ ಅದಲ್ವಾ? ಗೊತ್ತು ನಂಗೆ. ಅದನ್ನ ಪಕ್ಕಕ್ಕಿಡು. ಬೇರೇದು ತಗೋ."

ನಮ್ಮ ತಂಡದಲ್ಲಿ ದಪ್ಪಗಿರುವವನು ಒಬ್ಬನೇ. ಅಕ್ಕಿ ಗಿರಣಿಯಲ್ಲಿ ಕೆಲಸ ಮಾಡುವ ಹುಡುಗ, ಬುಟ್ಟಿಯ ಕೆಳಗೆ ನಿಂತರೆ ಯಾರೂ ಅಲ್ಲಾಡಿಸಲಾರರು. ಅವನು ಮುಖ ಸಣ್ಣ ಮಾಡಿಕೊಂಡು ಹೋಗಿ ಬೆಂಚಿನ ಮೇಲೆ ಕೂತುಬಿಟ್ಟ. ಮೇಷ್ಟ್ರಿಗೆ ಕಣ್ಣು ಮಂಜು, ಗೊತ್ತಾಗಲಿಲ್ಲ. ನಾಲ್ಕೇ ಜನ ಅಂಕಣಕ್ಕಿಳಿದರು. ರೆಫರಿ ಐದನೆಯವನು ಎಲ್ಲಿ ಅಂತ ಕೇಳಿದಾಗಲೇ ಹುಡುಕಿದ್ದು.

"ಎದ್ದೇಳೋ, ಇಲ್ಯಾಕೆ ಕೂತಿದ್ದೀಯ?" ಅಂದೆ.

"ಡೇರಿಯೋರೇ ಪಕ್ಕಕ್ಕಿಡು ಅಂದ್ರಲ್ಲಣ್ಣ" ಅಂತ ಕಣ್ಣಲ್ಲಿ ನೀರು ತಂದುಕೊಂಡ.

ವಿಷಯ ಗೊತ್ತಾಗಿ ಡೇರಿಯವರು ಓಡಿ ಬಂದು ಅವನನ್ನು ತಬ್ಬಿಕೊಂಡರು. "ನಿಂಗಲ್ಲ ಕಣ್ಲಾ ಕಂದ, ಎಮ್ಮೆಗೆ ಹೇಳಿದ್ದು!" ಸಮಾಧಾನದ ಮಾತಾಗಿ ಇದು ಅಷ್ಟೇನೂ ಚೆನ್ನಾಗಿರಲಿಲ್ಲ. ಆದರೆ ಆ ಸಿಟ್ಟಿನಲ್ಲೇ ಹುಡುಗ ಒಳಗೆ ಹೋಗಿ ಒಬ್ಬನೇ ಪಂದ್ಯ ಗೆಲ್ಲಿಸಿದ.

೬. ಫೈನಲ್ಲು

ಫೈನಲ್ಲು ನಮ್ಮೂರಿನ ಶಾಲೆ ಮೈದಾನದಲ್ಲಿ, ಹುಣಸೂರಿನ ಮೇಲೆ. ಡೇರಿಯವರನ್ನು ತಡೆಯುವ ಕೆಲಸ ಕಂಡಕ್ಟರದು. ತಡೆದರು ನೋಡಿ! ಆಟ ಮುಗಿಯುತ್ತ ಬಂದರೂ ಡೇರಿಯವರಿಗೆ ಒಂದು ಬುಟ್ಟಿಯೂ ದಕ್ಕಲಿಲ್ಲ. "ನಾವ್ ಹೇಳ್ನಿಲ್ವಾ?" ಅಂತ ಕ್ಷೌರದಂಗಡಿಯವನು ಸುತ್ತಲೂ ಸಾರುತ್ತಿದ್ದ. ಹುಣಸೂರು ಎರಡು ಪಾಯಿಂಟ್ ಮುಂದೆ. ಮೇಷ್ಟ್ರು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡು, "ಎಷ್ಟಾಯ್ತಯ್ಯ? ಟೈಮ್ ಎಷ್ಟಿದೆ?" ಅಂತ ನನ್ನನ್ನೇ ಕೇಳುತ್ತಿದ್ದರು.

ಇನ್ನು ಕೆಲವೇ ಸೆಕೆಂಡು ಇರುವಾಗ ಚೆಂಡು ಡೇರಿಯವರ ಕೈಗೆ ಬಂತು. ಎದುರಿಗೇ ಕಂಡಕ್ಟರು, ಗೋಡೆ ಹಾಗೆ. ಡೇರಿಯವರು ಚೆಂಡು ಪುಟಿಸುತ್ತ ತಣ್ಣಗೆ ಕೇಳಿದರು: "ಮಗಳಿಗೆ ಗಂಡು ಗೊತ್ತಾಯ್ತಂತೆ?"

ಕಂಡಕ್ಟರ ಮುಖ ಅರಳಿತು. ಚಾಚಿದ್ದ ಕೈ ಇಳಿದವು. "ಊಂ ಕಣೋ! ಬೆಟ್ಟದಪುರದ ಹುಡ್ಗ, ಬಲು ಒಳ್ಳೇ ಜನ" ಅನ್ನುವಷ್ಟರಲ್ಲಿ ಚೆಂಡು ಅವರ ತಲೆ ಮೇಲೆ ಹೋಗಿ ಬುಟ್ಟಿಯಲ್ಲಿತ್ತು. ದೂರದಿಂದ ಹಾಕಿದ್ದಕ್ಕೆ ಮೂರು ಪಾಯಿಂಟು. ನಾವು ಒಂದು ಮುಂದೆ!

"ಥೂ, ನಿನ್ನ! ಮದ್ವೆಗೆ ಕರಿಯಲ್ಲ ಓಗ್ಲಾ!" ಅಂತ ಕೂಗಿ ಕಂಡಕ್ಟರು ಚೆಂಡು ಎತ್ತಿ ತಮ್ಮ ಹುಡುಗನಿಗೆ ದೂರ ಎಸೆದರು. ಹುಡುಗ ನಮ್ಮವರನ್ನೆಲ್ಲ ದಾಟಿ ಓಡಿದ. ಅವನಿಗೂ ಬುಟ್ಟಿಗೂ ನಡುವೆ ಯಾರೂ ಇಲ್ಲ. ಎರಡು ಹೆಜ್ಜೆ ಇಟ್ಟು ಹಾಕಿದರೆ ಕಪ್ಪು ಹುಣಸೂರಿಗೆ. ಅವನನ್ನು ಅಟ್ಟಿಸಿಕೊಂಡು, ಆ ಸಂಜೆ ಮೊದಲ ಬಾರಿಗೆ ಡೇರಿಯವರು ಓಡಿದರು. ಮಂಡಿ ಉಳುಕಿತು. ದಬಾರನೆ ಬಿದ್ದರು.

ಪಕ್ಕದಲ್ಲೇ ಓಡುತ್ತಿದ್ದ ಕಂಡಕ್ಟರು ಗೆಳೆಯ ಬಿದ್ದದ್ದನ್ನು ನೋಡಿದರು. ಮೈದಾನವೇ ಅದುರುವ ಹಾಗೆ ಕೂಗಿದರು:

"ಹೋಲ್ಡಾನ್!"

ಎಲ್ಲರೂ ನಿಂತರು. ನಮ್ಮ ಹುಡುಗರು ನಿಂತರು, ಹುಣಸೂರಿನ ಹುಡುಗರು ನಿಂತರು. ಬುಟ್ಟಿಯ ಕೆಳಗೆ ಚೆಂಡೆತ್ತಿದ್ದವನು ಎತ್ತಿದ ಕೈ ಎತ್ತಿದ ಹಾಗೇ ನಿಂತು, ಹಿಂದೆ ತಿರುಗಿ ನೋಡಿದ. ಸೀಟಿ ಬಾಯಲ್ಲಿಟ್ಟುಕೊಂಡು ಓಡುತ್ತಿದ್ದ ರೆಫರಿಯೂ ನಿಂತ. ಚಿಕ್ಕಂದಿನಿಂದ ಎಲ್ಲರೂ ಅದೇ ಬಸ್ಸುಗಳಲ್ಲಿ ಓಡಾಡಿದವರು. ಪ್ರೇಕ್ಷಕರ ನಡುವೆ ಒಬ್ಬ ಅಜ್ಜಿಯಂತೂ ಚೀಲ ತಗೊಂಡು ಇಳಿಯೋದಕ್ಕೆ ಎದ್ದು ನಿಂತಳು.

ನಿಲ್ಲದೆ ಇದ್ದದ್ದು ಗಡಿಯಾರ ಒಂದೇ. ಅದು ಓಡಿ ಮುಗಿದು ಗಂಟೆ ಬಾರಿಸಿತು.

ನಾವು ಗೆದ್ದಿದ್ದೆವು. ಗೆದ್ದೆವು ಅಂತ ನಮಗೇ ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು. ಹುಣಸೂರಿನವರು ಕಂಡಕ್ಟರನ್ನು ಸುತ್ತುವರಿದು, "ಏನಣ್ಣ ನೀನು! ಯಾಕಣ್ಣ ಕೂಗ್ದೆ?" ಅಂತ ತಲೆ ಚಚ್ಚಿಕೊಂಡರು. ಗೆಳೆಯನ ಮಂಡಿ ನೀವುತ್ತ ಕೂತಿದ್ದ ಕಂಡಕ್ಟರು ತಲೆಯೆತ್ತಿ ಹೇಳಿದರು: "ಮನುಷ್ಯ ಬಿದ್ದವ್ನೆ ಕಣ್ರಪ್ಪ. ಬಾಯಿಗೆ ಅದೇ ಬಂತು."

ಹುಣಸೂರಿನ ಹುಡುಗನೊಬ್ಬ ನೀರು ತಂದುಕೊಟ್ಟ. ಇನ್ನಿಬ್ಬರು ಸೇರಿ ಡೇರಿಯವರನ್ನು ಎತ್ತಿ ಕುರ್ಚಿಯಲ್ಲಿ ಕೂರಿಸಿದರು.

ಕಪ್ಪು ಮೇಷ್ಟ್ರ ಕೈಗೆ ಬಂತು. ಅವರು ಅದನ್ನು ಕಣ್ಣಿನ ಹತ್ತಿರ ಹಿಡಿದು, ಸುತ್ತಲೂ ಸವರಿ ನೋಡಿ, ಅತ್ತುಬಿಟ್ಟರು. ಆಮೇಲೆ ನನ್ನ ಕೈ ಹಿಡಿದುಕೊಂಡು ಅಂಕಣ ದಾಟಿ ಕಂಡಕ್ಟರ ಹತ್ತಿರ ಹೋದರು. ಎದುರು ತಂಡದ ಬನಿಯನ್ನಿನಲ್ಲಿ ನಿಂತಿದ್ದ ಅವರ ಎರಡೂ ಕೈ ಹಿಡಿದು, ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದರು:

"ಇಷ್ಟು ವರ್ಷದಲ್ಲಿ ನಮ್ಮ ಟೀಮಿಗೆ ನಿನ್ನಷ್ಟು ಚೆನ್ನಾಗಿ ಆಡಿದೋನು ಇನ್ನೊಬ್ಬನಿಲ್ಲ ಕಣಪ್ಪ."