ಹಸಿರು ಬಂದರೆ ಅಪ್ಪಣೆ

ಹೊಸ ಕಾಲದ ವಸ್ತುಗಳ ಮೇಲೆ ನನ್ನದು ಒಂದೇ ತಕರಾರು. ಕೇಳಿದ್ದನ್ನು ಅವು ಮಾಡುತ್ತವೆ, ಸಂತೋಷ. ಆದರೆ ಕೇಳದೇ ಇದ್ದದ್ದನ್ನು ಅದಕ್ಕಿಂತ ಹುರುಪಿನಿಂದ ಮಾಡುತ್ತವೆ. ನಮ್ಮ ಮನೆಯ ಬಟ್ಟೆ ಒಗೆಯುವ ಮೆಷಿನ್ನು ಕೆಲಸ ಮುಗಿದ ಮೇಲೆ ಒಂದು ರಾಗ ನುಡಿಸುತ್ತದೆ. ಬಟ್ಟೆ ಒಗೆದದ್ದಕ್ಕೆ ಹಾಡುವ ಅಗತ್ಯವೇನಿದೆ ಹೇಳಿ. ನನ್ನ ಹೆಂಡತಿ ಸುಮಾ ಇಷ್ಟು ವರ್ಷ ಕಲ್ಲಿನ ಮೇಲೆ ಒಗೆದಳು, ಒಂದು ದಿನವೂ ಹಾಡಲಿಲ್ಲ. ಆಗ ಅವಳು ನನ್ನ ಬಗ್ಗೆ ಆಡುತ್ತಿದ್ದ ಮಾತುಗಳು ರಾಗಕ್ಕೆ ಕೂರುವಂಥವೂ ಆಗಿರಲಿಲ್ಲ. ಇನ್ನು ಫ್ರಿಜ್ಜು. ಬಾಗಿಲು ತೆಗೆದು ಏನು ಎತ್ತಿಕೊಳ್ಳಲಿ ಎಂದು ಯೋಚಿಸುತ್ತ ನಿಂತರೆ ಅದು ಕಿರುಚಿಕೊಳ್ಳುತ್ತದೆ. ನಾನು ಯೋಚಿಸುತ್ತ ನಿಲ್ಲುವ ಜಾತಿಯವನೇ ಆದ್ದರಿಂದ ಅದಕ್ಕೂ ನನಗೂ ದಿನವೂ ಜಗಳ. ಇಂಥ ಮನೆಗೆ ಒಂದು ಕೀಬೋರ್ಡ್ ಬಂದು ಸೇರಿಕೊಂಡಿತು. ಅದು ಮಾಡಿದ ಕೆಲಸದ ಮುಂದೆ ಉಳಿದವೆಲ್ಲ ಸಂಭಾವಿತ ವಸ್ತುಗಳು.

ನಾನು ಬಾಣಾವರದ ಹೈಸ್ಕೂಲೊಂದರಲ್ಲಿ ಗಣಿತದ ಮೇಷ್ಟ್ರು, ವಾಸ ಅರಸೀಕೆರೆಯಲ್ಲಿ. ಪ್ರಶ್ನೆಪತ್ರಿಕೆಗಳನ್ನು ಮನೆಯಲ್ಲೇ ಕೂತು ಟೈಪ್ ಮಾಡುವವನು. ಹಳೆಯ ಕೀಬೋರ್ಡಿನ ಮೇಲೆ ಒಂದು ಸಂಜೆ ಲೋಟ ಪೂರ್ತಿ ಕಾಫಿ ಚೆಲ್ಲಿ ಅದು ಕಣ್ಣು ಮುಚ್ಚಿತು. ಬಸ್‌ಸ್ಟ್ಯಾಂಡಿನ ಹತ್ತಿರದ ಅಂಗಡಿಗೆ ಹೋದರೆ ಅಲ್ಲಿನವನು, ಮಾಮೂಲಿನದು ಖಾಲಿಯಾಗಿದೆ ಸಾರ್, ಇದು ಗೇಮಿಂಗ್ ಕೀಬೋರ್ಡ್, ಒಳಗಿಂದ ಲೈಟು ಬರುತ್ತೆ ಎಂದ. ಲೈಟು ಆರಿಸಬಹುದೇ ಎಂದು ಕೇಳಿದೆ. ಆರಿಸೋರು ಇದನ್ನ ಯಾಕೆ ತಗೋತಾರೆ ಸಾರ್ ಎಂದು ನನ್ನನ್ನೇ ಕೇಳಿದ. ಬೇಕೋ ಬೇಡವೋ ಎಂದು ನಾನು ಇನ್ನೂ ಲೆಕ್ಕ ಹಾಕುತ್ತಿರುವಾಗಲೇ ಅದನ್ನು ಕವರಿಗೆ ಹಾಕಿ ಕೈಗೆ ಕೊಟ್ಟಿದ್ದ. ನಮ್ಮ ಮನೆಗೆ ಬಂದಿರುವ ವಸ್ತುಗಳಲ್ಲಿ ಬಹುಪಾಲು ಹೀಗೆಯೇ ಬಂದವು. ಗಣಿತದವನಿಗೆ ಇಷ್ಟೊಂದು ಅನುಮಾನ ಇರಬಾರದು ಎಂದು ಜನ ಹೇಳುತ್ತಾರೆ. ವರ್ಗಸಮೀಕರಣ ಬಿಡಿಸಿದವರಿಗೆ ಗೊತ್ತು, ಎರಡು ಉತ್ತರ ಬಂದರೆ ಎರಡನ್ನೂ ಬರೆದು ಪೆನ್ನು ಕೆಳಗಿಡಬೇಕು. ನಾನು ಬದುಕಿನಲ್ಲೂ ಅಷ್ಟಕ್ಕೇ ಪೆನ್ನು ಕೆಳಗಿಡುವವನು.

ಮನೆಗೆ ತಂದು ಕಂಪ್ಯೂಟರಿಗೆ ಚುಚ್ಚಿದೆ. ಕೆಂಪು, ಹಳದಿ, ಹಸಿರು, ನೀಲಿ ಒಂದರ ಹಿಂದೆ ಒಂದು ಎಡದಿಂದ ಬಲಕ್ಕೆ ಹರಿಯತೊಡಗಿದವು, ಮದುವೆ ಮನೆಗೆ ಸೀರಿಯಲ್ ಸೆಟ್ ಬಿಟ್ಟ ಹಾಗೆ. ಮೇಜಿನ ಹಿಂದಿನ ಗೋಡೆಯ ಮೇಲೂ ಬಣ್ಣ ಹರಿಯುತ್ತಿತ್ತು. ಅದೇ ವಾರ ನಮ್ಮ ಶಾಲೆಯ ನಿವೃತ್ತ ಮೇಷ್ಟ್ರೊಬ್ಬರು ತೀರಿಕೊಂಡರು, ಸಂತಾಪದ ನಾಲ್ಕು ಮಾತು ಬರೆಯುವ ಕೆಲಸ ನನ್ನ ಪಾಲಿಗೆ ಬಂತು. 'ತುಂಬಲಾರದ ನಷ್ಟ' ಎಂಬಲ್ಲಿಗೆ ಬರುವ ಹೊತ್ತಿಗೆ ನನ್ನ ಬೆರಳುಗಳ ಕೆಳಗೆ ಜಾತ್ರೆ ನಡೆಯುತ್ತಿತ್ತು. ಕಣ್ಣು ಮುಚ್ಚಿಕೊಂಡು ಟೈಪ್ ಮಾಡಿದೆ, ಅವರ ಹೆಸರೇ ತಪ್ಪಾಯಿತು. ಡಬ್ಬದಲ್ಲಿದ್ದ ಚೀಟಿಯಲ್ಲಿ ಇರುವೆಯಷ್ಟು ಅಕ್ಷರದಲ್ಲಿ ಏನೋ ಬರೆದಿತ್ತು. ವಿಜ್ಞಾನದ ಮೇಷ್ಟ್ರು ಇಂಟರ್‌ನೆಟ್ಟಿನಿಂದ ಒಂದು ಸಾಫ್ಟ್‌ವೇರ್ ಇಳಿಸಿಕೊಳ್ಳಿ ಎಂದರು. ಇಳಿಸಿಕೊಳ್ಳಲೋ ಬೇಡವೋ ಎಂದು ನಾನು ಯೋಚಿಸುತ್ತಿರುವಾಗಲೇ ನವರಾತ್ರಿ ಬಂದುಬಿಟ್ಟಿತು.

ಆಯುಧಪೂಜೆಯ ದಿನ ನಮ್ಮಮ್ಮ ಸ್ಕೂಟರಿಗೆ, ಕುಡುಗೋಲಿಗೆ, ಈಳಿಗೆಮಣೆಗೆ, ಮಿಕ್ಸಿಗೆ ವಿಭೂತಿ ಬಳಿದು ಕುಂಕುಮ ಇಟ್ಟು, ಕೊನೆಗೆ ನನ್ನ ಮೇಜಿಗೆ ಬಂದಳು. ಮೇಷ್ಟ್ರ ಆಯುಧ ಇದೇ ತಾನೇ ಎಂದು ಕೀಬೋರ್ಡಿಗೂ ಅಡ್ಡಡ್ಡ ವಿಭೂತಿ ಎಳೆದು, ಅಕ್ಷತೆ ಹಾಕಿ, ಚೆಂಡುಹೂವಿಟ್ಟು ಆರತಿ ಎತ್ತಿದಳು, ನಾನೂ ಎದುರಿಗೆ ನಿಂತು ಕೈ ಮುಗಿದೆ. ಮಾರನೆಯ ದಿನ ಒದ್ದೆ ಬಟ್ಟೆ ಹಿಡಿದು ಅದನ್ನು ಒರೆಸಲು ಕೂತೆ. ಬಟ್ಟೆ ಯಾವ ಎರಡು ಕೀಗಳನ್ನು ಒಟ್ಟಿಗೆ ಅದುಮಿತೋ, ಹರಿಯುತ್ತಿದ್ದ ಬಣ್ಣ ಗಕ್ಕನೆ ನಿಂತಿತು. ಇನ್ನಷ್ಟು ಒರೆಸಿದೆ, ಉಸಿರಾಡಿದಂತೆ ಹತ್ತಿ ಆರತೊಡಗಿತು. ಮೂಲೆಯ ಎಫ್‌ಎನ್ ಎಂಬ ಕೀಯನ್ನು ಹಿಡಿದುಕೊಂಡು ಇನ್ನೊಂದನ್ನು ಒತ್ತಿದರೆ ಬಣ್ಣ ಬದಲಾಗುತ್ತದೆ ಎಂಬ ಜ್ಞಾನ ನನಗೆ ಬಂದದ್ದು ಹೀಗೆ. ಇನ್ನೇನು, ಕಷ್ಟ ತೀರಿತು ಎಂದುಕೊಂಡಿರಿ. ಕೆಂಪು ಇಟ್ಟೆ, ಕಣ್ಣಿಗೆ ಚುಚ್ಚಿತು. ನೀಲಿ ಇಟ್ಟೆ, ಆಸ್ಪತ್ರೆಯ ನೆನಪಾಯಿತು. ಹಳದಿ ಪರವಾಗಿಲ್ಲ ಅನ್ನಿಸುವಷ್ಟರಲ್ಲಿ ಹಸಿರೂ ಪರವಾಗಿಲ್ಲ ಅನ್ನಿಸಿತು. ಯಾವುದನ್ನು ಇಟ್ಟುಕೊಳ್ಳುವುದು ಎಂದು ಬಗೆಹರಿಯದೆ ಮತ್ತೆ ಎಲ್ಲವನ್ನೂ ಹರಿಯಲು ಬಿಟ್ಟೆ.

ನಮ್ಮಮ್ಮನ ವಿಷಯ ಹೇಳಬೇಕು. ಅವಳ ಎರಡು ಕಣ್ಣಿಗೂ ಪೊರೆ ಬೆಳೆದಿತ್ತು. ಅಕ್ಕಿ ಆರಿಸುವುದು ನಿಂತಿತು, ಹೂ ಕಟ್ಟುವುದು ನಿಂತಿತು. ಒಂದು ಸಂಜೆ ಗೂಟಕ್ಕೆ ನೇತುಹಾಕಿದ್ದ ನನ್ನ ಅಂಗಿಯ ಮುಂದೆ ನಿಂತು, ತೋಟದಲ್ಲಿ ಕಾಯಿ ಕೀಳಿಸುವ ವಿಚಾರವನ್ನು ಬಹಳ ಹೊತ್ತು ಮಾತಾಡಿದಳು. ಅಂಗಿ ಯಾವುದಕ್ಕೂ ಉತ್ತರ ಕೊಡದಿದ್ದರಿಂದ ಅದು ನಾನೇ ಎಂದು ಅವಳಿಗೆ ಖಾತ್ರಿಯಾಗಿತ್ತಂತೆ. ಸುಮಾ ಇದನ್ನು ಹೇಳಿ ನಕ್ಕಳು, ನಾನೂ ನಕ್ಕೆ. ಆಮೇಲೆ ಇಬ್ಬರಿಗೂ ನಗು ಬರಲಿಲ್ಲ. ಹಾಸನದ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರು ನೋಡಿ, ಪೊರೆ ಬಲಿತುಬಿಟ್ಟಿದೆ, ಇನ್ನೂ ತಡ ಮಾಡಿದರೆ ಆಪರೇಷನ್ ಮಾಡಿದರೂ ಕಣ್ಣು ಬರುವುದು ಕಷ್ಟ, ಮನೆಯಲ್ಲಿ ಮಾತಾಡಿಕೊಂಡು ಬೇಗ ಬನ್ನಿ ಎಂದರು. ಅರೇಹಳ್ಳಿಯಲ್ಲಿರುವ ಚಿಕ್ಕಮ್ಮ, ತನಗೆ ಆಪರೇಷನ್ ಆದ ಮೇಲೆ ಕಣ್ಣಲ್ಲಿ ನೀರು ಸುರಿಯುವುದು ನಿಂತೇ ಇಲ್ಲ ಎಂದು ಫೋನಿನಲ್ಲಿ ಹೇಳಿ ಅಮ್ಮನಿಗೆ ಇದ್ದಬದ್ದ ಧೈರ್ಯವನ್ನೂ ಕಿತ್ತುಕೊಂಡಳು. ಬಸ್ಸಿನಲ್ಲಿ ಬರುವಾಗ ಅಮ್ಮ, ಏನು ಮಾಡಾನಪ್ಪ ಎಂದು ಕೇಳಿದಳು. ನಾನು, ನಿನ್ನಿಷ್ಟ ಅಮ್ಮ ಎಂದೆ. ದೊಡ್ಡವರ ಮೇಲೆ ನಮ್ಮ ಇಷ್ಟ ಹೇರಬಾರದು, ಅದು ಅವರಿಗೆ ಕೊಡುವ ಮರ್ಯಾದೆ ಎಂಬುದು ನನ್ನ ಸಿದ್ಧಾಂತ. ಊಟ ಮಾಡುವಾಗ ಕೇಳಿದಳು, ಆಗಲೂ ಮರ್ಯಾದೆ ಕೊಟ್ಟೆ.

ನನ್ನಿಂದ ಏನೂ ಹುಟ್ಟುವುದಿಲ್ಲ ಎಂದು ಗೊತ್ತಾದ ಮೇಲೆ ಅಮ್ಮ ದೇವರನ್ನೇ ಕೇಳೋಣ ಎಂದಳು. ಹಾರನಹಳ್ಳಿಯ ಪಕ್ಕ ನಮ್ಮ ಸಣ್ಣ ಊರು. ಅಲ್ಲಿದೆ ನಮ್ಮ ಮನೆದೇವರಾದ ಅಮ್ಮನವರ ಗುಡಿ. ಅರ್ಚಕರು ಒದ್ದೆ ಹೂಗಳನ್ನು ದೇವಿಯ ಎರಡೂ ಭುಜಕ್ಕೆ ಅಂಟಿಸುತ್ತಾರೆ. ಮನಸ್ಸಿನಲ್ಲಿ ಕೇಳಿಕೊಂಡು ಕೂರಬೇಕು. ಬಲಗಡೆಯ ಹೂ ಬಿದ್ದರೆ ಅಪ್ಪಣೆ ಆಯಿತೆಂದು ಲೆಕ್ಕ, ಎಡಗಡೆಯದು ಬಿದ್ದರೆ ಬೇಡ ಎಂದು. ನಮ್ಮ ತಂಗಿಯ ಮದುವೆ, ತೋಟದ ಬೋರ್‌ವೆಲ್, ನನ್ನ ವರ್ಗಾವಣೆ ಎಲ್ಲವೂ ತೀರ್ಮಾನವಾದದ್ದು ಅಲ್ಲಿಯೇ. ಈ ಸಲ ನಾವು ಕೂತೇ ಕೂತೆವು. ಬಲಗಡೆಯದೂ ಬೀಳಲಿಲ್ಲ, ಎಡಗಡೆಯದೂ ಬೀಳಲಿಲ್ಲ. ಹೊತ್ತು ನೆತ್ತಿಗೇರಿತು. ಅರ್ಚಕರಿಗೆ ಹಸಿವಾಗಿತ್ತು ಅಂತ ಕಾಣುತ್ತದೆ, ಅಮ್ಮನೋರು ಯೋಚನೆ ಮಾಡ್ತಾವ್ರೆ, ಇನ್ನೊಂದಿನ ಬನ್ನಿ ಮೇಷ್ಟ್ರೇ ಎಂದು ಬಾಗಿಲು ಹಾಕಿಕೊಂಡರು. ನನಗೆ ಆ ದೇವರ ಮೇಲೆ ಮೊದಲ ಬಾರಿಗೆ ನೆಂಟಸ್ತನದ ಪ್ರೀತಿ ಹುಟ್ಟಿತು.

ಇದಾದ ಕೆಲವು ದಿನಕ್ಕೆ ಸುಮಾ ಅಡುಗೆಮನೆಗೆ ಕರೆದು, ರೀ, ಅತ್ತೆ ನಿಮ್ಮ ಕೀಬೋರ್ಡಿನ ಹತ್ತಿರ ಅಪ್ಪಣೆ ಕೇಳ್ತಿದಾರೆ, ಗೊತ್ತಾ ಎಂದಳು. ನನಗೆ ಗೊತ್ತಿರಲಿಲ್ಲ. ಸಂಜೆ ನಾನು ಟೈಪ್ ಮಾಡುವಾಗ ಅಮ್ಮ ಪಕ್ಕದ ಕುರ್ಚಿಯಲ್ಲಿ ಬಂದು ಕೂರುತ್ತಿದ್ದಳು. ಬೆಳಕು ಚೆನ್ನಾಗಿ ಕಾಣುತ್ತದೆ, ಅದಕ್ಕೇ ಕೂರುತ್ತಾಳೆ ಎಂದುಕೊಂಡಿದ್ದೆ. ಅಕ್ಷರ ಕಾಣದಿದ್ದರೂ ಹತ್ತಿರ ಕೂತರೆ ಬಣ್ಣ ಮಸುಕುಮಸುಕಾಗಿ ತಿಳಿಯುತ್ತಿತ್ತು. ಕಣ್ಣು ಮುಚ್ಚಿ ಕೇಳಿಕೊಳ್ಳುವುದು, ಕಣ್ಣು ಬಿಟ್ಟಾಗ ತನ್ನ ಮುಂದಿನ ಮೂಲೆಯಲ್ಲಿ ಹಸಿರಿದ್ದರೆ ಆಗಬಹುದು, ಕೆಂಪಿದ್ದರೆ ಬೇಡ, ಬೇರೆ ಬಣ್ಣವಾದರೆ ಆಮೇಲೆ ಕೇಳುವುದು. ಹಳೇಬೀಡಿನ ನಮ್ಮಕ್ಕನ ಮನೆಗೆ ಹಬ್ಬಕ್ಕೆ ಹೋಗದೇ ಇದ್ದದ್ದು ಹೀಗೆ ಕೆಂಪು ಬಂದು. ಮನೆಯಲ್ಲಿ ಒಂದೇ ವಾರದಲ್ಲಿ ಎರಡು ಸಲ ಹೋಳಿಗೆ ಆದದ್ದು ಹಸಿರಿನ ದಯೆ. ನಾನು ಮೇಷ್ಟ್ರ ಗತ್ತಿನಲ್ಲಿ, ಅಮ್ಮ, ಅದು ಬರೀ ಲೈಟು ಎಂದು ತಿಳಿಹೇಳಲು ಹೋದೆ. ಅಮ್ಮ ಶಾಂತವಾಗಿ ಕೇಳಿದಳು: "ಆಯುಧಪೂಜೆ ದಿನ ನೀನೇ ಎದುರಿಗೆ ನಿಂತು ಕೈ ಮುಗಿದೆಯಲ್ಲಪ್ಪ, ಅವತ್ತು ಅದೇನಾಗಿತ್ತು?"

ಹೋಳಿಗೆಯ ಮಟ್ಟಿಗೆ ನಾನು ಈ ಪದ್ಧತಿಯನ್ನು ವಿರೋಧಿಸುವವನಲ್ಲ. ಆದರೆ ಬರುವ ಶುಕ್ರವಾರ ದೀಪ ಹಚ್ಚಿದ ಮೇಲೆ ಕಣ್ಣಿನ ವಿಷಯ ಕೇಳುತ್ತೇನೆ ಎಂದು ಅಮ್ಮ ಹೇಳಿದಾಗ ನಾನು ಲೆಕ್ಕ ಹಾಕತೊಡಗಿದೆ. ಸಂಭವನೀಯತೆಯ ಪಾಠ ಮಾಡಿಯೇ ಹೊಟ್ಟೆ ಹೊರೆಯುವವನು ನಾನು. ಹರಿಯುವ ಅಷ್ಟು ಬಣ್ಣಗಳಲ್ಲಿ ಸರಿಯಾದ ಗಳಿಗೆಗೆ ಹಸಿರು ಬರುವುದು ಎಷ್ಟರ ಮಾತು ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಕೆಂಪು ಬಂದುಬಿಟ್ಟರೆ ಅಮ್ಮ ಇನ್ನು ಆಸ್ಪತ್ರೆಯ ಮೆಟ್ಟಿಲು ಹತ್ತುವವಳಲ್ಲ. ನನ್ನ ಅಂಗಿಯ ಜೊತೆಯೇ ಅವಳು ಕಷ್ಟಸುಖ ಮಾತಾಡಿಕೊಂಡು ಇರಬೇಕಾಗುತ್ತದೆ. ಹೆದರಿಕೆಯಾಯಿತು, ನಿಜವಾಗಿ ಹೆದರಿಕೆಯಾಯಿತು. ಬಾಯಿ ಬಿಟ್ಟು ಒಂದು ಮಾತು ಹೇಳಿದ್ದರೆ ಆಗುತ್ತಿತ್ತೇನೋ. ನಾನು ಮಾತ್ರ ಶಾಲೆಯಿಂದ ಬಂದವನೇ ಎಫ್‌ಎನ್ ಹಿಡಿದುಕೊಂಡು ಹಸಿರನ್ನು ನಿಲ್ಲಿಸುವ ಅಭ್ಯಾಸಕ್ಕೆ ಕೂತೆ.

ಶುಕ್ರವಾರ ಬಂತು. ಅಮ್ಮ ಮಡಿಸೀರೆ ಉಟ್ಟು ಬಂದು ಕೂತು, ಕಣ್ಣು ಮುಚ್ಚಿ ಕೈ ಮುಗಿದಳು. ನಾನು ಟೈಪ್ ಮಾಡುವವನಂತೆ ನಟಿಸುತ್ತ ಕೀ ಒತ್ತಿದೆ. ಇಡೀ ಕೀಬೋರ್ಡು ಕೆಂಪಾಗಿ ನಿಂತಿತು. ಮತ್ತೆ ಒತ್ತಿದೆ, ಕೆಂಪೇ ಹತ್ತಿ ಆರತೊಡಗಿತು. ಅಡುಗೆಮನೆಯ ಬಾಗಿಲಲ್ಲಿ ಸುಮಾ ಸೌಟು ಹಿಡಿದುಕೊಂಡು ನಿಂತಿದ್ದಳು. ದೇವರೇ, ಇದೊಂದು ಸಲ ಎಂದು ಒಳಗೊಳಗೇ ಬೇಡಿಕೊಂಡು ಇನ್ನೊಂದು ಕೀ ಒತ್ತಿದೆ. ಹಸಿರು ನಿಂತಿತು. ಎಲ್ಲ ಕೀಗಳೂ, ಗೋಡೆಯೂ ಹಸಿರು. ಅಮ್ಮ ಕಣ್ಣು ಬಿಟ್ಟಳು. ಅದನ್ನೇ ತುಂಬ ಹೊತ್ತು ನೋಡಿದಳು, ಆಮೇಲೆ ನನ್ನ ಕಡೆ ಮುಖ ತಿರುಗಿಸಿದಳು. ಕೊನೆಗೆ, ಸರಿ, ಹೋಗಾನ ನಡಿ ಎಂದಳು.

ಬಲಗಣ್ಣಿನ ಆಪರೇಷನ್ ಸುಸೂತ್ರವಾಗಿ ಆಯಿತು. ಎಡಗಣ್ಣಿನದನ್ನು ಸ್ವಲ್ಪ ದಿನ ಬಿಟ್ಟು ಮಾಡೋಣ ಎಂದರು ಡಾಕ್ಟರು. ಕಟ್ಟು ಬಿಚ್ಚಿ ಮನೆಗೆ ಬಂದವಳು ಕಪ್ಪು ಕನ್ನಡಕದಲ್ಲಿ ಮನೆಯನ್ನೆಲ್ಲ ಒಂದು ಸುತ್ತು ತಪಾಸಣೆ ಮಾಡಿದಳು. ಮೂಲೆಗಳಲ್ಲಿ ಜೇಡರ ಬಲೆಗಳು ಕಂಡವು. ಸುಮಾಳ ತಾಮ್ರದ ಚೊಂಬುಗಳು ಕಪ್ಪಾಗಿದ್ದು ಕಂಡಿತು. ನನ್ನನ್ನು ನೋಡಿ, ಇಷ್ಟು ಬೆಳ್ಳಗಾಗೋಯ್ತಾ ತಲೆ ಎಂದು ಸಂಕಟಪಟ್ಟಳು. ಸಂಜೆ ಎಂದಿನಂತೆ ಪಕ್ಕದ ಕುರ್ಚಿಯಲ್ಲಿ ಬಂದು ಕೂತಳು. ಬಣ್ಣಗಳು ಎಂದಿನಂತೆ ಹರಿಯುತ್ತಿದ್ದವು. ನೋಡು ಅಮ್ಮ, ಎಷ್ಟು ಚೆನ್ನಾಗಿ ಕಾಣುತ್ತೆ ಈಗ ಎಂದು ನಾನೇ ಅದನ್ನು ಕಂಡುಹಿಡಿದವನಂತೆ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ನೋಡಿ, "ಅವತ್ತು ಇದು ಹರೀತಿರಲಿಲ್ಲ" ಎಂದಳು.

ಯಾವತ್ತು ಎಂದು ಕೇಳಿದೆ, ಗೊತ್ತಿದ್ದೂ.

"ಆ ಶುಕ್ರವಾರ. ಕಣ್ಣು ಮಂಜಾಗಿತ್ತೇ ಹೊರ್ತು ಪೂರ್ತಿ ಹೋಗಿರಲಿಲ್ಲ ಕಣಪ್ಪ. ದಿನಾ ಗೋಡೆ ಮೇಲೆ ಹರಿಯೋ ಬೆಳಕು ಅವತ್ತು ಅಲ್ಲೇ ನಿಂತಿತ್ತು. ನಿಲ್ಸಿರೋನು ನೀನು ಅಂತ ಗೊತ್ತಾಯ್ತು."

ಗೊತ್ತಿದ್ದೂ ಮತ್ತೆ ಯಾಕೆ ಹೊರಟೆ ಎಂದು ಮೆಲ್ಲಗೆ ಕೇಳಿದೆ.

"ದೇವ್ರು ಹೂ ಕೊಡದಿದ್ರೆ ಇನ್ನೊಂದಿನ ಹೋಗಿ ಕೇಳ್ಬೋದು. ಮಗ ಬಾಯಿ ಬಿಡದಿದ್ರೆ ಎಲ್ಲೋಗಿ ಕೇಳ್ಲಿ? ಮಾಡಿಸ್ಕೊ ಅಂತ ನೀನೊಂದು ಮಾತು ಅಂದಿದ್ರೆ ನಾನು ಗುಡಿಗೂ ಹೋಗ್ತಿರಲಿಲ್ಲ, ಇದನ್ನೂ ಕೇಳ್ತಿರಲಿಲ್ಲ. ಬಾಯಲ್ಲಿ ಬರದೇ ಇದ್ದದ್ದು ಬೆರಳಲ್ಲಾದ್ರೂ ಬಂತಲ್ಲ, ಸಾಕು ಅಂತ ಹೊರಟೆ."

ಮರ್ಯಾದೆ ಎಂದು ನಾನು ಕೊಡುತ್ತ ಬಂದದ್ದೆಲ್ಲ ಅವಳಿಗೆ ಏನಾಗಿ ಮುಟ್ಟಿತ್ತು ಎಂದು ತಿಳಿದು ನಾಚಿಕೆಯಾಯಿತು. ಹೆದರಿಕೊಂಡ ಮುದುಕಿಯನ್ನು ಬಸ್ಸಿನಲ್ಲಿ ಪಕ್ಕದಲ್ಲೇ ಕೂರಿಸಿಕೊಂಡು, ನಿನ್ನಿಷ್ಟ ಎಂದು ಹೇಳಿ ಕಿಟಕಿಯಾಚೆ ತೆಂಗಿನಮರ ನೋಡಿಕೊಂಡು ಬಂದಿದ್ದೆ. ನಾನು ಏನಾದರೂ ಹೇಳುವ ಮೊದಲೇ ಅಮ್ಮ, ಇನ್ನೊಂದು ಕಣ್ಣಿಂದು ಏನು ಮಾಡಾನ ಎಂದಳು. ನನ್ನ ಕೈ, ನಾನು ಹೇಳದೆಯೇ, ಎಫ್‌ಎನ್ ಕೀಯ ಕಡೆಗೆ ಹೊರಟಿತು. ಅಮ್ಮ ತನ್ನ ಕೈಯನ್ನು ಅದರ ಮೇಲಿಟ್ಟು ಹಿಡಿದುಕೊಂಡಳು.

"ಅದು ಬ್ಯಾಡ. ನೀನು ಹೇಳು."

ಮಾಡಿಸಿದರೆ ಏನಾಗಬಹುದು, ಮಾಡಿಸದಿದ್ದರೆ ಏನಾಗಬಹುದು ಎಂದು ತಲೆ ತನ್ನ ಪಾಡಿಗೆ ಎರಡು ಉತ್ತರ ತೆಗೆಯತೊಡಗಿತ್ತು. ಅದನ್ನು ಅಲ್ಲಿಗೇ ಬಿಟ್ಟು, "ಮಾಡಿಸೋಣ ಅಮ್ಮ. ಡಾಕ್ಟರು ಹೇಳಿದ ದಿನವೇ ಹೋಗೋಣ. ನಾನು ಜೊತೆಗಿರ್ತೀನಿ" ಎಂದೆ. ಇಷ್ಟು ಹೇಳುವುದರಲ್ಲಿ ಅಂಗಿ ಒದ್ದೆಯಾಗಿತ್ತು. ಅಮ್ಮ ನನ್ನ ಕೈ ಬಿಟ್ಟು, ಸೊಸೆಗೆ ಕೇಳಲಿ ಎಂದು ಅಡುಗೆಮನೆಯ ಕಡೆ ಮುಖ ಮಾಡಿ, ಇನ್ನೊಂದು ಕಣ್ಣೂ ಮಾಡಿಸೋದು ಅಂತ ತೀರ್ಮಾನವಾಯ್ತು ಕಣೇ ಸುಮಾ, ಇವನೇ ಹೇಳಿದ ಎಂದು ಕೂಗಿದಳು. ದನಿಯಲ್ಲಿ ಹೆಮ್ಮೆಯಿತ್ತು, ನನಗೂ ಹೆಮ್ಮೆಯಾಯಿತು, ಬೆನ್ನು ನೆಟ್ಟಗೆ ಮಾಡಿಕೊಂಡು ಕೂತೆ. ಸುಮಾ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ನನ್ನ ಮುಖವನ್ನು ನೋಡಲೇ ಇಲ್ಲ. ಬಗ್ಗಿ ಕೀಬೋರ್ಡನ್ನು ನೋಡಿ ಕೇಳಿದಳು:

"ಹಸಿರು ಬಂತಾ, ಅತ್ತೆ?"