ಕಣ್ಣಲ್ಲಿ ಜೇಡ, ಕಣ್ಣಲ್ಲಿ ಎಣ್ಣೆ

ಕಣ್ಣಿನ ಒಳಗೋಡೆಯಿಂದ ಕಳಚಿಕೊಂಡ ರೆಟಿನಾ ಪರದೆಯನ್ನು ಮತ್ತೆ ಅಂಟಿಸುವುದು ನನ್ನ ಕೆಲಸ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯವರು ಬಸ್ಸು ಹತ್ತಿ ಮೈಸೂರಿಗೆ, ನಮ್ಮಲ್ಲಿಗೆ ಬರುತ್ತಾರೆ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಈರುಳ್ಳಿ ಪೊರೆಗಿಂತ ತೆಳ್ಳಗಿನ ಆ ಪರದೆ ಹೊಳೆಯಲ್ಲಿ ಬಿಟ್ಟ ಸೆರಗಿನ ಹಾಗೆ ಅಲುಗುತ್ತಿರುತ್ತದೆ. ಈ ಮನುಷ್ಯ ಕಂಡದ್ದೆಲ್ಲ ಇದರ ಮೇಲೇ ಮೂಡಿದ್ದಲ್ಲವೇ ಅನಿಸಿ, ಇಷ್ಟು ವರ್ಷವಾದರೂ ಉಸಿರು ಬಿಗಿಹಿಡಿಯುತ್ತೇನೆ. ಹೊರಗೆ ಬಂದರೆ ಅದೇ ಜನ ನಗಿಸುತ್ತಾರೆ. ಅವರು ನಗಿಸದ ವಾರವೇ ಇಲ್ಲ.

ಜೇಡರ ಬಲೆ

ಬಿಳಿಕೆರೆ ಕಡೆಯ ಅಜ್ಜಿಯೊಬ್ಬರಿಗೆ ಕಣ್ಣ ಮುಂದೆ ಬಲೆ ತೇಲುತ್ತಿತ್ತಂತೆ. ಸೂರಿನ ಜೇಡವೆಂದುಕೊಂಡು ಸೊಸೆಯ ಕೈಗೆ ಪೊರಕೆ ಕೊಟ್ಟು ಅಟ್ಟ, ಕೊಟ್ಟಿಗೆ ಎಲ್ಲ ಗುಡಿಸಲು ಹಚ್ಚಿದರು. ಬಲೆ ಹೋಗಲಿಲ್ಲ. ಆಮೇಲೆ ಮಿಂಚು ಹೊಡೆದಂತಾಗತೊಡಗಿತು. ಒಂದು ಬೆಳಿಗ್ಗೆ ಕಣ್ಣಿನ ಅಂಚಿನಿಂದ ಕರಿ ಪರದೆ ಇಳಿದಾಗ ಸೊಸೆಯೇ ಹಟ ಮಾಡಿ ಕರೆತಂದಳು.

ರೆಟಿನಾ ಹರಿದು ಕಳಚುತ್ತಾ ಬಂದಿತ್ತು. ನಡುಭಾಗ ಮಾತ್ರ ಇನ್ನೂ ಅಂಟಿಕೊಂಡಿತ್ತು. ಅದೂ ಬಿಟ್ಟಿದ್ದರೆ ಮುಖಗಳ ಗುರುತು ಹತ್ತುತ್ತಿರಲಿಲ್ಲ. ಅಂದೇ ಆಪರೇಷನ್ ಮಾಡಿದೆವು, ದೃಷ್ಟಿ ಉಳಿಯಿತು.

ಬಲೆ ಸೂರಿನಲ್ಲಿರಲಿಲ್ಲ, ಕಣ್ಣೊಳಗೇ ಇತ್ತು ಎಂದು ವಿವರಿಸಿದೆ. ಅಜ್ಜಿ ಸೊಸೆಯ ಕಡೆ ನೋಡಿದರು.

"ಬುಡು, ಮನೆನಾದ್ರೂ ಚೊಕ್ಕಾಯ್ತು."

ಯಾವ ಎಣ್ಣೆ?

ಕೆ.ಆರ್. ನಗರದಲ್ಲಿ ಎಣ್ಣೆ ಗಾಣ ನಡೆಸುವ ಯಜಮಾನರೊಬ್ಬರ ರೆಟಿನಾ ಪೂರ್ತಿ ಮುದುಡಿತ್ತು. ಅಂಥ ಕಣ್ಣಿನಲ್ಲಿ ಅಂಟಿಸಿದ ಪರದೆ ಮತ್ತೆ ಏಳದ ಹಾಗೆ ಸಿಲಿಕೋನ್ ಎಣ್ಣೆ ತುಂಬುತ್ತೇವೆ. ಅದುವರೆಗೆ ನಡುಗುತ್ತಿದ್ದವರು ಎಣ್ಣೆ ಎಂದದ್ದೇ ನೆಟ್ಟಗೆ ಕೂತರು. ಕಡಲೆಕಾಯಿಯದೋ ಹುಚ್ಚೆಳ್ಳಿನದೋ, ಕಮಟು ಹಿಡಿಯುವುದಿಲ್ಲ ತಾನೇ ಎಂದು ವಿಚಾರಿಸಿದರು. ಇದು ತಿನ್ನುವ ಎಣ್ಣೆಯಲ್ಲ, ಕೆಲವು ತಿಂಗಳ ಮೇಲೆ ತೆಗೆದುಬಿಡುತ್ತೇವೆ ಎಂದೆ.

ಬರೀ ಬೆಳಕಷ್ಟೇ ತಿಳಿಯುತ್ತಿದ್ದ ಆ ಕಣ್ಣು ಆಪರೇಷನ್ ಆದಮೇಲೆ ನನ್ನ ಬೆರಳು ಎಣಿಸಿತು. ಎಣ್ಣೆ ತೆಗೆದ ದಿನ ಯಜಮಾನರು ಅದನ್ನು ನೋಡಲೇಬೇಕೆಂದರು. ಸಿರಿಂಜನ್ನು ಕಿಟಕಿಯ ಬೆಳಕಿಗೆ ಹಿಡಿದು, ಪಟ್ಟಿ ಕಟ್ಟದ ಕಣ್ಣಲ್ಲಿ ಬಹಳ ಹೊತ್ತು ನೋಡಿದರು.

"ಇಷ್ಟು ತಿಂಗ್ಳಾದ್ರೂ ಗಸಿ ಕಟ್ಟಿಲ್ಲ. ಎಲ್ಲಿ ಸಿಕ್ತದೆ ಡಾಕ್ಟ್ರಮ್ಮ ಇದು?"

ಬೆಟ್ಟ ಹತ್ತಬಾರದು

ಪಿರಿಯಾಪಟ್ಟಣದ ದರ್ಜಿಯೊಬ್ಬರ ಕಣ್ಣಿಗೆ ಎಣ್ಣೆಯ ಬದಲು ಗ್ಯಾಸ್ ತುಂಬಿದ್ದೆವು. ಆ ಗುಳ್ಳೆಯೇ ರೆಟಿನಾವನ್ನು ಒತ್ತಿ ಹಿಡಿಯುತ್ತದೆ, ಆಮೇಲೆ ತಾನಾಗಿ ಕರಗುತ್ತದೆ. ಅಲ್ಲಿಯವರೆಗೆ ಬೆಟ್ಟದ ಊರಿಗೆ ಹೋಗಕೂಡದು. ಎತ್ತರಕ್ಕೆ ಹೋದಂತೆ ಗುಳ್ಳೆ ಹಿಗ್ಗಿ, ಒತ್ತಡಕ್ಕೆ ಕಣ್ಣೇ ಹೋಗಬಹುದು.

ಇದನ್ನು ಕೇಳಿ ಅವರ ಮುಖ ಅರಳಿತು. ಹೆಂಡತಿಯ ತವರು ಮಡಿಕೇರಿ. ಅಲ್ಲಿ ಮಾವನವರು ಅಳಿಯನನ್ನು ಎದುರಿಗೆ ಕೂರಿಸಿಕೊಂಡು ಬೆಳಗಿಂದ ಸಂಜೆವರೆಗೆ ಬುದ್ಧಿ ಹೇಳುತ್ತಾರಂತೆ. ಗುಳ್ಳೆ ಪರದೆಗೆ ಒತ್ತಿಕೊಳ್ಳಲೆಂದು ಬೋರಲು ಮಲಗಿ ಎಂದರೆ ಗೊಣಗದೆ ಮಲಗಿದ ರೋಗಿ ನನಗೆ ಸಿಕ್ಕಿದ್ದು ಅವರೊಬ್ಬರೇ.

ವಾರಗಳಾದ ಮೇಲೆ ಹೆಂಡತಿಯ ಜೊತೆ ಪರೀಕ್ಷೆಗೆ ಬಂದರು. ಬೆಳಕು ಬಿಟ್ಟು ನೋಡಿದೆ. ಚಿಂದಿಯಾಗಿದ್ದ ಪರದೆ ಗೋಡೆಗೆ ಬಳಿದ ಬಣ್ಣದ ಹಾಗೆ ನುಣ್ಣಗೆ ಕೂತಿತ್ತು. ಒಂದು ಉಸಿರಿನಷ್ಟು ಗಾಳಿಗೆ ಇಂಥ ಕೆಲಸ ಒಪ್ಪಿಸುತ್ತೇವಲ್ಲ ಎಂದು ಮೈ ಜುಂ ಎಂದಿತು. ಗುಳ್ಳೆಯ ಸುಳಿವೂ ಇರಲಿಲ್ಲ.

ಕರಗಿದೆಯೇ ಎಂದು ಹೆಂಡತಿ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ದರ್ಜಿ, "ಇಲ್ಲ ಕಣೇ, ಇನ್ನೂ ಚೂರು ಅದೆ," ಎಂದರು.

"ಎಲ್ಲಿ ಕಾಣ್ತಿದೆ?" ಎಂದೆ.

ಅವರು ಸೂರಿನ ಕಡೆ ಬೆರಳು ತೋರಿಸಿದರು.

ಕಣ್ಣು ಎಲ್ಲವನ್ನೂ ತಲೆಕೆಳಗಾಗಿ ಹಿಡಿಯುತ್ತದೆ. ಗುಳ್ಳೆ ಮೇಲೆ ತೇಲುತ್ತಿದ್ದರೂ ಕೂತವರಿಗೆ ಕಾಣುವುದು ಕೆಳಗಡೆ. ಇಷ್ಟನ್ನೇ ಹೇಳಿದೆ. ಹೆಂಡತಿ ಗಂಡನ ಚಪ್ಪಲಿಯನ್ನು ಕಾಲ ಬಳಿ ಸರಿಸಿದರು.

"ಏಳಿ, ಮಡಿಕೇರಿ ಬಸ್ಸು ಒಂಟೋಯ್ತದೆ."