ಹಿಂದಕ್ಕೆ ತಿರುಗಿದ ಮುಳ್ಳು

"ಊರಿನ ಗಡಿಯಾರಗಳೆಲ್ಲ ನನ್ನ ಮಾತು ಕೇಳ್ತವೆ, ಒಂದು ಬಿ.ಪಿ. ಮೆಷಿನ್ ಕೇಳಲ್ವಾ? ನೋಡೇಬಿಡೋಣ!" ವಾಚ್ ರಿಪೇರಿ ಯಜಮಾನರು ಕನ್ನಡಿ ಮುಂದೆ ನಿಂತು ಮೀಸೆ ತಿರುವಿದರು. ಸಾಮಾನ್ಯದವರೇ ಅವರು? 'ಸ್ವಂತ ಕೈಯಿಂದ ಕೆಡಿಸಿ ತಂದ ಮಾಲನ್ನು ರಿಪೇರಿಗೆ ತೆಗೆದುಕೊಳ್ಳುವುದಿಲ್ಲ' ಎಂದು ಅಂಗಡಿಗೆ ಬೋರ್ಡು ಹಾಕಿಸಿದ ಗತ್ತಿನವರು!

ಆದದ್ದಿಷ್ಟು. ಹೋದ ವಾರ ಡಾಕ್ಟರು ಅವರ ಬಿ.ಪಿ. ನೋಡಿ ಹುಬ್ಬೇರಿಸಿದ್ದರು. "ಇಷ್ಟು ಬಿ.ಪಿ. ಜೊತೆ ಸಿಗರೇಟೂ ಸೇರಿದ್ರೆ ಕಿಡ್ನಿ ಕೈಕೊಡುತ್ತೆ ಸ್ವಾಮಿ." ಹೆಂಡತಿ ಅಂದೇ ತೀರ್ಪು ಕೊಟ್ಟಳು: "ಭಾನುವಾರ ಅಮ್ಮ ನೋಡ್ತಾಳೆ. ಬಿ.ಪಿ. ಇಳಿದಿಲ್ಲ ಅಂದ್ರೆ ಸಿಗರೇಟು ಬಂದ್!" ಅಮ್ಮ ಅಂದರೆ ಯಜಮಾನರ ಅತ್ತೆ, ನಿವೃತ್ತ ನರ್ಸು. ಅವರ ಹಳೆಯ ಮುಳ್ಳಿನ ಬಿ.ಪಿ. ಮೆಷಿನ್ ಹೇಳಿದ್ದೇ ಆ ಮನೆಯಲ್ಲಿ ಕೊನೆಯ ಮಾತು.

ಸಿಗರೇಟು ಬಿಡುವುದೇ? ಅದಕ್ಕಿಂತ ಮುಳ್ಳು ತಿರುಗಿಸುವುದು ಸುಲಭ! ಆ ಡಬ್ಬಿಯೊಳಗೆ ಏನಿದೆಯೋ ಎಂಬ ಕುತೂಹಲದಿಂದ ಅವರ ಬೆರಳುಗಳೂ ತುರಿಸುತ್ತಿದ್ದವು. ಶನಿವಾರ ಮಧ್ಯಾಹ್ನ ಅತ್ತೆಯ ಗೊರಕೆ ಶುರುವಾದದ್ದೇ ತಡ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ಮೆಷಿನ್ನಿನ ಗಾಜು ಬಿಚ್ಚಿದರು. "ಆಹಾ, ಎಂಥ ಮುದ್ದಾದ ಚಕ್ರ!" ಎಂದು ಮೈಮರೆತು ನೋಡಿ, ಮುಳ್ಳನ್ನು ಒಂದಿಷ್ಟು ಹಿಂದಕ್ಕೆ ಸರಿಸಿ, ಏನೂ ಅರಿಯದವರ ಹಾಗೆ ಮುಚ್ಚಿಟ್ಟರು.

ಭಾನುವಾರ ಅತ್ತೆ ತೋಳಿಗೆ ಪಟ್ಟಿ ಸುತ್ತಿ ಗಾಳಿ ಒತ್ತಿದರು.

"ನೂರಿಪ್ಪತ್ತು! ಅಳಿಯಂದ್ರೇ, ಎಳೇ ಹುಡುಗರ ಬಿ.ಪಿ. ಇದು!"

ಯಜಮಾನರು ಎದೆಯುಬ್ಬಿಸಿ ಜೇಬಿನ ಸಿಗರೇಟು ಪ್ಯಾಕೆಟ್ಟು ಸವರಿಕೊಂಡರು. ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಹೆಂಡತಿಗೂ ಆಗಲೇ ಕುತೂಹಲ ಹುಟ್ಟಬೇಕೆ! "ಅಮ್ಮಾ, ನಂದೂ ನೋಡು."

ನೋಡಿದ ಅತ್ತೆ ಬಿಳಿಚಿಕೊಂಡರು. "ಎಪ್ಪತ್ತು! ಅಯ್ಯೋ ಮಗಳೇ, ಮಲ್ಕೋ!"

"ನಾನು ಚೆನ್ನಾಗೇ ಇದೀನಲ್ಲಮ್ಮಾ!"

"ಎಪ್ಪತ್ತಕ್ಕೆ ಯಾರೂ ಚೆನ್ನಾಗಿರಲ್ಲ ಕಣೇ!"

ಅದನ್ನು ಕೇಳಿಯೇ ಹೆಂಡತಿಗೆ ತಲೆ ಸುತ್ತಿತು. ಕಾಲಡಿಗೆ ದಿಂಬುಗಳು ಬಂದವು, ಲೋಟಗಟ್ಟಲೆ ಉಪ್ಪುನೀರು ಬಂತು, ಪಕ್ಕದ ಮನೆಯವರು ಕಾರನ್ನೇ ತಂದರು. ಯಜಮಾನರು ಹೇಳಲೆಂದು ಬಾಯಿ ತೆರೆದರು, ಧೈರ್ಯ ಸಾಲದೆ ಮುಚ್ಚಿದರು. ಕಾರಿನಲ್ಲಿ ಹೆಂಡತಿ ಅವರ ಕೈ ಹಿಡಿದುಕೊಂಡಳು.

"ರೀ, ನನಗೇನಾದ್ರೂ ಆದ್ರೆ, ನೀವು ಸಿಗರೇಟು ಸೇದ್ಕೊಂಡು ಹಾಳಾಗ್ಬೇಡಿ."

ಯಜಮಾನರು ತಡೆಯಲಾರದೆ ಬಾಯಿಬಿಟ್ಟರು. "ನಿನಗೇನೂ ಆಗಿಲ್ವೇ! ಮುಳ್ಳು ತಿರುಗಿಸಿದ್ದು ನಾನು!"

ಕಾರು ಓಡಿಸುತ್ತಿದ್ದ ಪಕ್ಕದ ಮನೆಯವರು ವೇಗ ತಗ್ಗಿಸಿ ಮೆಲ್ಲಗೆ ಕೇಳಿದರು. "ಹಾಗಾದ್ರೆ ಗಾಡಿ ವಾಪಸ್ ತಿರುಗಿಸ್ಲಾ?"

ಹೆಂಡತಿ ನೆಟ್ಟಗೆ ಎದ್ದು ಕೂತಳು. "ಬೇಡ, ಆಸ್ಪತ್ರೆಗೇ ನಡೀರಿ. ಪೇಷಂಟ್ ಬದಲಾಗಿದ್ದಾರೆ, ಅಷ್ಟೆ!"

ಡಾಕ್ಟರ ಮೆಷಿನ್ನಿನಲ್ಲಿ ಯಜಮಾನರದು ನೂರಾ ಎಪ್ಪತ್ತು. "ರಕ್ತ, ಮೂತ್ರ ಎರಡೂ ಪರೀಕ್ಷೆ ಆಗ್ಲಿ. ಮಾತ್ರೆ ತಪ್ಪಿಸ್ಬೇಡಿ, ಉಪ್ಪು ಕಡಿಮೆ ಮಾಡಿ, ಸಿಗರೇಟು ಮುಟ್ಟಲೇಬೇಡಿ" ಎಂದರು ಡಾಕ್ಟರು.

ಯಜಮಾನರ ಕುತೂಹಲ ಆಗಲೂ ತಣಿಯಲಿಲ್ಲ. "ಅಲ್ಲ ಡಾಕ್ಟ್ರೇ, ಕಿಡ್ನಿ ಕೆಟ್ರೆ ಬಿಚ್ಚಿ ರಿಪೇರಿ ಮಾಡೋಕಾಗಲ್ವಾ?"

ಡಾಕ್ಟರು ಬಾಯಿ ತೆರೆಯುವ ಮೊದಲೇ ಹೆಂಡತಿ ಗಂಡನ ಜೇಬಿನ ಪ್ಯಾಕೆಟ್ಟನ್ನು ಕಿತ್ತುಕೊಂಡಳು.

"ನಿಮ್ಮ ಅಂಗಡಿ ಬೋರ್ಡು ನೀವೇ ಓದಿಲ್ವಾ? ಸ್ವಂತ ಕೈಯಿಂದ ಕೆಡಿಸಿ ತಂದ ಮಾಲನ್ನ ಯಾರೂ ತಗೊಳ್ಳಲ್ಲ ರೀ!"